ಕುಡಿಯುವ ನೀರಿನ ಹೆಸರಿನಲ್ಲಿ

ಆಷಾಢದಲ್ಲಿ ಕೊಡೆಯಿಲ್ಲದೆ ಹೊಸ್ತಿಲು ದಾಟಲಾಗದ ಊರುಗಳಲ್ಲಿ ಚೈತ್ರದ ಹೊತ್ತಿಗೆ ಕೊಡ ಹಿಡಿದು ಹಳ್ಳಕ್ಕಿಳಿಯಬೇಕಾಗಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೋಲಾರದಲ್ಲಿ ಬೀಳುವುದು ಅದರ ಹತ್ತನೆಯ ಒಂದು ಪಾಲಿನಷ್ಟು. ಆದರೂ ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವವರು ಎರಡೂ ಕಡೆ ಇದ್ದಾರೆ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ಮಲೆನಾಡಿನ ಪಾಲಿಗೆ ಗಾದೆಯಾಗಿ ಉಳಿದಿಲ್ಲ.

ಶುದ್ಧ ಕುಡಿಯುವ ನೀರು ಯಾರೂ ದಯಪಾಲಿಸುವ ಭಿಕ್ಷೆಯಲ್ಲ. ಮಾಲಿನ್ಯವಿಲ್ಲದ ನೀರನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿ ನೀಡಿರುವ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಮಾನವ ಹಕ್ಕೆಂದು ಮಾನ್ಯ ಮಾಡಿತು. 1987 ಹಾಗೂ 2002ರ ರಾಷ್ಟ್ರೀಯ ಜಲನೀತಿಗಳೆರಡೂ ನೀರಿನ ಹಂಚಿಕೆಯಲ್ಲಿ ಕುಡಿಯುವ ನೀರಿಗೆ ಮೊದಲ ಸ್ಥಾನ ಕೊಟ್ಟವು. ಇಷ್ಟು ಪವಿತ್ರವಾದ ಈ ಹಕ್ಕು ಈಗ ಇನ್ನೊಂದು ಕೆಲಸಕ್ಕೂ ಒದಗಿಬರುತ್ತಿದೆ: ಯಾವ ಯೋಜನೆಗೆ ಜನರ ಪ್ರಶ್ನೆ ಎದುರಾಗಬಾರದೋ ಅದರ ಹಣೆಗೆ ‘ಕುಡಿಯುವ ನೀರು’ ಎಂಬ ತಿಲಕವಿಟ್ಟರೆ ಸಾಕು.

ಎತ್ತಿನಹೊಳೆ ಹೇಳುವ ಪಾಠ

ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡುಗಳನ್ನು ಕಟ್ಟಿ, 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವುದಾಗಿ ಸರ್ಕಾರ ಘೋಷಿಸಿತು. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ವೆಚ್ಚ 2014ರಲ್ಲಿ 12,912 ಕೋಟಿಯಾಗಿ, 2023ರಲ್ಲಿ 23,251 ಕೋಟಿಗೆ ಏರಿತು. ವೆಚ್ಚ ಉಬ್ಬಿದಂತೆ ಹೊಳೆ ಉಬ್ಬಲಿಲ್ಲ. ಆ ಜಲಾನಯನದಲ್ಲಿ ವರ್ಷಕ್ಕೆ ದೊರೆಯಬಹುದಾದ ನೀರು 9.55 ಟಿಎಂಸಿ ಮಾತ್ರವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು 2015ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೊಳೆಗೆ ಹಾಕಿದರೂ ಅಳೆದು ಹಾಕಬೇಕೆಂಬುದು ಹಿರಿಯರ ಮಾತು. ಇಲ್ಲಿ ಹೊಳೆಯಿಂದ ತೆಗೆಯುವಾಗಲೇ ಅಳತೆಯ ಗೊಡವೆ ಬೇಡವಾಯಿತು.

ಪಶ್ಚಿಮಘಟ್ಟದ ಎದೆಯನ್ನು ಸೀಳುವ ಇಂತಹ ಕಾಮಗಾರಿಗೆ ಪರಿಸರ ಅನುಮತಿ ಬೇಡವೇ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ನೀರಾವರಿ ಮತ್ತು ಜಲವಿದ್ಯುತ್ ಯೋಜನೆಗಳಿವೆ. ಕುಡಿಯುವ ನೀರಿನ ಯೋಜನೆಗಳಿಲ್ಲ. ಆದ್ದರಿಂದ ಅನುಮತಿ ಬೇಡವೆಂದಾಯಿತು. ಆದರೆ ಯೋಜನೆಯ ದಾಖಲೆಯೇ ಹೇಳುವಂತೆ ಕುಡಿಯುವುದಕ್ಕೆಂದು ಮೀಸಲಿಟ್ಟ ಪಾಲು ಸುಮಾರು 14 ಟಿಎಂಸಿ. ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಲು. ಕೆರೆ ತುಂಬಿಸುವುದು ತಪ್ಪಲ್ಲ. ನೀರಾವರಿಯ ಕೆರೆಯನ್ನು ಕುಡಿಯುವ ನೀರಿನ ಲೆಕ್ಕದಲ್ಲಿ ಸೇರಿಸಿ ಕಾನೂನಿನ ಬಾಗಿಲನ್ನು ದಾಟಿಸಿದ್ದು ತಪ್ಪು. ಹಸಿರು ನ್ಯಾಯಮಂಡಳಿಯ ಮುಂದೆ ವ್ಯಾಜ್ಯ ನಡೆಯುತ್ತಿದ್ದಾಗಲೂ ಕಾಡಿನ ಗುಡ್ಡಗಳು ಕರಗುತ್ತಲೇ ಹೋದವು.

2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾದಾಗ ಕಾಲುವೆ ಕೋಲಾರವನ್ನು ಮುಟ್ಟಿರಲಿಲ್ಲ. ನೀರನ್ನು ವಾಣಿವಿಲಾಸ ಸಾಗರದತ್ತ ಹರಿಸಬೇಕಾಯಿತು. ಇತ್ತ ಅದೇ ನೀರು ಸೇರಬೇಕಾದ ನೇತ್ರಾವತಿಯನ್ನು ನಂಬಿರುವ ಮಂಗಳೂರು ನಗರ 2016 ಮತ್ತು 2019ರ ಬೇಸಿಗೆಗಳಲ್ಲಿ ಸರದಿಯ ಮೇಲೆ ನೀರು ಹಂಚಿಕೊಂಡಿತ್ತು. ಒಬ್ಬರ ಬಾಯಾರಿಕೆಯನ್ನು ಇನ್ನೊಬ್ಬರ ಬಾಯಾರಿಕೆಯಿಂದ ತಣಿಸಲಾಗದು.

ಬಾಯಾರಿಕೆಯ ಲೆಕ್ಕ

ಮನುಷ್ಯನ ಬಾಯಾರಿಕೆ ನಿಜವಾಗಿ ಎಷ್ಟು? 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಗೊತ್ತುಪಡಿಸಿದೆ. ವರ್ಷಕ್ಕೆ ಅದು ಸುಮಾರು 20,000 ಲೀಟರ್. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಈ ಅಳತೆಯಲ್ಲಿ ಸುಮಾರು 14 ಲಕ್ಷ ಜನರಿಗೆ ಒಂದು ವರ್ಷಕ್ಕೆ ಸಾಲುತ್ತದೆ. 75 ಲಕ್ಷ ಜನರಿಗೆ ಬೇಕಾಗುವುದು ಐದೂಕಾಲು ಟಿಎಂಸಿಯಷ್ಟು. ಪಟ್ಟಣಗಳನ್ನೂ ನೆನೆದು ತಲೆಗೆ 100 ಲೀಟರ್ ಎಂದುಕೊಂಡರೂ ಹತ್ತು ಟಿಎಂಸಿಯೊಳಗೆ ಮುಗಿಯುತ್ತದೆ.

ಈ ನೀರು ಬಯಲುಸೀಮೆಯ ಆಕಾಶದಲ್ಲಿಯೇ ಇದೆ. 700 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಹೆಕ್ಟೇರ್ ನೆಲಕ್ಕೆ 70 ಲಕ್ಷ ಲೀಟರ್ ನೀರು ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಇಂಗಿ, ಆವಿಯಾಗಿ ಹೋಯಿತೆಂದು ಬಿಟ್ಟರೂ, ಐದು ಹೆಕ್ಟೇರಿನ ಮಳೆ ಸುಮಾರು 350 ಜನರ ಒಂದು ವರ್ಷದ ಅಗತ್ಯವನ್ನು ಪೂರೈಸುತ್ತದೆ. ಕೋಲಾರದ ಪೂರ್ವಿಕರಿಗೆ ಈ ಲೆಕ್ಕ ಗೊತ್ತಿತ್ತು. ಆದ್ದರಿಂದಲೇ ಅವರು ಒಂದರ ಕೋಡಿಯಿಂದ ಇನ್ನೊಂದು ತುಂಬುವಂತೆ ಸಾವಿರಾರು ಕೆರೆಗಳನ್ನು ಕಟ್ಟಿದರು. ಅವುಗಳ ಅಂಗಳದಲ್ಲಿ ಹೂಳು ತುಂಬಿದ್ದು, ರಾಜಕಾಲುವೆಗಳು ಒತ್ತುವರಿಯಾದದ್ದು, ಜಲಾನಯನದ ತುಂಬ ನೀಲಗಿರಿ ಬೆಳೆದದ್ದು ಮಳೆಯ ಅಪರಾಧವಲ್ಲ. ನೀಲಗಿರಿ ನೆಡುವುದನ್ನು ಸರ್ಕಾರವೇ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿದ್ದವು.

ಆಳದ ಕಲ್ಲಿನ ಪದರಗಳಿಂದ ಮೇಲೆ ಬಂದದ್ದು ಬರಿಯ ನೀರಲ್ಲ, ಫ್ಲೋರೈಡ್ ಕೂಡ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದಲ್ಲಿ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ಕೋಲಾರದ ತಾಯಂದಿರ ನೋವು ಸುಳ್ಳಲ್ಲ. ಅವರಿಗೆ ತಲೆಮಾರಿನಿಂದ ತೋರಿಸುತ್ತಿರುವ ಕಾಲುವೆಯ ಕನಸು ಸುಳ್ಳು. ಮಲೆನಾಡಿನ ಹೋರಾಟ ಆ ತಾಯಂದಿರ ವಿರುದ್ಧವಲ್ಲ, ಅವರ ನೋವನ್ನು ಗುತ್ತಿಗೆಯ ಬಂಡವಾಳ ಮಾಡಿಕೊಂಡವರ ವಿರುದ್ಧ.

ನಲ್ಲಿ ಬಂದರೆ ಸಾಲದು

ನೀರು ಬಂದರಷ್ಟೇ ಸಾಲದು, ಅದು ಶುದ್ಧವಾಗಿರಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದ ದಲಿತ ಕೇರಿಯ ಹಲವರು ಪ್ರಾಣ ಕಳೆದುಕೊಂಡರು. ಅಲ್ಲಿ ನಲ್ಲಿ ಇತ್ತು, ನೀರೂ ಇತ್ತು, ಪರೀಕ್ಷೆ ಇರಲಿಲ್ಲ. ಕೊಳಕು ನೀರಿನ ಮೊದಲ ಬಲಿ ಯಾವಾಗಲೂ ಬಾಟಲಿ ಕೊಳ್ಳಲಾಗದ ಮನೆಯೇ ಆಗಿರುತ್ತದೆ. ನೀರು ದೂರವಾದಾಗ ಮೊದಲು ಶಾಲೆ ತಪ್ಪಿಸಿಕೊಳ್ಳುವವಳು ಆ ಮನೆಯ ಹುಡುಗಿಯೇ ಆಗಿರುತ್ತಾಳೆ.

ಮಲೆನಾಡಿಗರೂ ಈ ವಿಚಾರದಲ್ಲಿ ನಿರಪರಾಧಿಗಳಲ್ಲ. ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಹರಿದು ಬರುತ್ತಿದ್ದ ಅಬ್ಬಿಯ ನೀರು ಯಾರ ಶಾಪದಿಂದಲೂ ಬತ್ತಲಿಲ್ಲ. ಶೋಲಾ ಕಾಡು ಮತ್ತು ಅದರ ಮೇಲಿನ ಹುಲ್ಲುಗಾವಲು ಮಳೆಗಾಲದ ನೀರನ್ನು ತರಗೆಲೆಯಲ್ಲಿ, ಬೇರಿನಲ್ಲಿ, ಮಣ್ಣಿನ ರಂಧ್ರಗಳಲ್ಲಿ ಹಿಡಿದಿಟ್ಟು ಬೇಸಿಗೆಯವರೆಗೂ ಹನಿಹನಿಯಾಗಿ ಬಿಡುತ್ತಿದ್ದವು. ಆ ಕಾನು ಕಡಿದು ಅಕೇಶಿಯಾ ನೆಟ್ಟದ್ದು ಇಲಾಖೆ. ಅಳಿದುಳಿದ ಬೆಟ್ಟವನ್ನು ಬೋಳಿಸಿ ತೋಟ ವಿಸ್ತರಿಸಿದ್ದು, ಒರತೆಯ ನೆತ್ತಿಯ ಮೇಲೆ ಹೋಂಸ್ಟೇ ಕಟ್ಟಿದ್ದು, ಕಾಫಿ ಪಲ್ಪಿಂಗಿನ ಕೊಳೆನೀರನ್ನು ಹಳ್ಳಕ್ಕೆ ಬಿಟ್ಟದ್ದು ಊರಿನವರೇ. ಮೇಲಿನ ತೋಟದ ಕೊಳೆ ಕೆಳಗಿನ ಕೇರಿಯ ಕುಡಿಯುವ ನೀರಾಗುತ್ತದೆ. ಸರ್ಕಾರಕ್ಕೆ ಕೇಳುವ ಪ್ರಶ್ನೆಯನ್ನು ಮೊದಲು ಊರಿನ ಜಗಲಿಯಲ್ಲಿ ಕೇಳದಿದ್ದರೆ ಹೋರಾಟದ ಮಾತಿಗೆ ತೂಕ ಬರುವುದಿಲ್ಲ.

ಆಗಬೇಕಾದ ಕೆಲಸ ಅಸ್ಪಷ್ಟವಾಗಿಲ್ಲ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಕುಡಿಯುವ ನೀರನ್ನು ಪಂಚಾಯಿತಿಯ ವಿಷಯಗಳ ಸಾಲಿಗೆ ಸೇರಿಸಿದೆ. ಪ್ರತಿ ಗ್ರಾಮಸಭೆಯೂ ತನ್ನ ಒರತೆ, ಬಾವಿ, ಹಳ್ಳಗಳ ಪಟ್ಟಿ ಮಾಡಿ, ಅವುಗಳ ನೆತ್ತಿಯ ಕಾಡನ್ನು ಮುಟ್ಟಕೂಡದೆಂದು ಠರಾವು ಬರೆಯಲಿ. ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ನೀಡಬೇಕೆಂಬುದು ಜಲಜೀವನ ಮಿಷನ್ನಿನದೇ ನಿಯಮ. ಆ ಐವರು ಯಾರು, ಪರೀಕ್ಷೆಯ ಫಲಿತಾಂಶವೇನು ಎಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ವಿದ್ಯಾರ್ಥಿಗಳು ತಮ್ಮೂರ ಒರತೆಯ ಹರಿವನ್ನು ಒಂದು ಬಿಂದಿಗೆ, ಒಂದು ಗಡಿಯಾರ ಹಿಡಿದು ತಿಂಗಳಿಗೊಮ್ಮೆ ಅಳೆದಿಡಲಿ. ನಾಳೆ ಅಧಿಕಾರಿಯ ಕಡತಕ್ಕೆ ಉತ್ತರವಾಗುವುದು ಆ ಪುಸ್ತಕವೇ. ಯಾವ ಹೆಸರಿನಿಂದ ಬಂದರೂ ಒಂದು ನದಿಯ ನೀರನ್ನು ಇನ್ನೊಂದು ಕಣಿವೆಗೆ ತಿರುಗಿಸುವ ಯೋಜನೆಗೆ ಪರಿಸರ ಪರಿಣಾಮದ ಪರಿಶೀಲನೆ ಮತ್ತು ಬಹಿರಂಗ ಅಹವಾಲು ಕಡ್ಡಾಯವಾಗಲಿ.

ಕುಡಿಯುವ ನೀರಿಗೆ ಮೊದಲ ಸ್ಥಾನ ಎಂಬ ಮಾತನ್ನು ಯಾರೂ ವಿರೋಧಿಸುವುದಿಲ್ಲ. ಆ ಮಾತು ನಿಜವಾಗಬೇಕಾದರೆ ನೀರು ಹುಟ್ಟುವ ತಾಣಕ್ಕೂ ಮೊದಲ ಸ್ಥಾನ ಸಿಗಬೇಕು. ಒರತೆಯನ್ನು ಕೊಂದು ನಲ್ಲಿಯನ್ನು ಉದ್ಘಾಟಿಸುವವರಿಗೆ ಕೊನೆಗೆ ಉಳಿಯುವುದು ಶಿಲಾಫಲಕವೊಂದೇ. ಅದನ್ನು ಹಿಂಡಿದರೆ ನೀರು ಬರುವುದಿಲ್ಲ.