ಮೂಲಪುರುಷನ ಹಂಬಲ

ಊರಹಬ್ಬ, ಜಾತ್ರೆ, ಸಮುದಾಯದ ಸಮಾವೇಶ, ಯಾವುದೇ ಇರಲಿ, ನಮ್ಮ ಸೀಮೆಯ ವೇದಿಕೆಗಳಲ್ಲಿ ಈಚೆಗೆ ಒಂದು ಮಾತು ತಪ್ಪದೆ ಬರುತ್ತದೆ: "ಅರಸನಿಲ್ಲದೆ ಊರಿಲ್ಲ. ಈ ಊರನ್ನು ಕಟ್ಟಿದ ಅರಸ ನಮ್ಮವನು." ಚಪ್ಪಾಳೆ ಬೀಳುತ್ತದೆ. ಮರುವಾರ ಮಹಾದ್ವಾರಕ್ಕೆ ಅವನ ಹೆಸರಿಡಬೇಕೆಂಬ ಮನವಿ ಪುರಸಭೆಗೆ ಹೋಗುತ್ತದೆ. ಅದರ ಹಿಂದೆಯೇ ಅವನು ನಿಮ್ಮವನಲ್ಲ, ನಮ್ಮವನು ಎಂಬ ಇನ್ನೊಂದು ಮನವಿಯೂ ಹೋಗುತ್ತದೆ. ಜಗಳ ನಡೆಯುವುದು ಅರಸ ಯಾರವನು ಎಂಬ ಬಗ್ಗೆ ಮಾತ್ರ. ಊರಿಗೆ ಒಬ್ಬ ಮೂಲಪುರುಷ ಇರಲೇಬೇಕು ಎಂಬುದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಊರಿನ ಮೂಲವನ್ನು ಒಬ್ಬ ಅರಸನ ಹೆಸರಿಗೆ ಖಾತೆ ಮಾಡಿಕೊಡುವುದು ಚರಿತ್ರೆಗೂ ಅನ್ಯಾಯ, ಆ ಅರಸನಿಗೂ ಅನ್ಯಾಯ.

ದೂರ ಹೋಗುವುದು ಬೇಡ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಈ ಮೂರೂ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಊರುಗಳು. ಮೂರಕ್ಕೂ ತೆಂಗೇ ಬದುಕು. ಆದರೆ ಮೂರೂ ಊರಾದದ್ದು ಮೂರು ಬಗೆಯಲ್ಲಿ.

ತುರುವೇಕೆರೆ ಅಗ್ರಹಾರವಾದದ್ದು ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ. ಮಾಡಿಸಿದವನು ಅರಸನಲ್ಲ, ಅವನ ಮಹಾಪ್ರಧಾನ ಸೋಮಣ್ಣ ದಂಡನಾಯಕ. ಸೋಮನಾಥಪುರದ ಕೇಶವ ದೇಗುಲವನ್ನು ಪ್ರತಿಷ್ಠೆ ಮಾಡಿಸಿದ ಸೋಮನಾಥನೂ ಇವನೇ. ಮೂಲೆ ಶಂಕರೇಶ್ವರ, ಚೆನ್ನಿಗರಾಯ ದೇಗುಲಗಳು ಆ ಕಾಲದ ಗುರುತಾಗಿ ಇಂದಿಗೂ ನಿಂತಿವೆ. ಹಾಗಾದರೆ ಊರು ಹುಟ್ಟಿದ್ದು ಅಂದೇ? ಖಂಡಿತ ಅಲ್ಲ. ಅಗ್ರಹಾರ ಮಾಡುವುದೆಂದರೆ ಬರಿಯ ಬಯಲಲ್ಲಿ ಊರು ಎಬ್ಬಿಸುವುದಲ್ಲ. ಕೆರೆಯಿದ್ದು, ಗದ್ದೆಯಿದ್ದು, ಉಳುವವರಿದ್ದು, ಹುಟ್ಟುವಳಿ ಬರುತ್ತಿದ್ದ ಹಳ್ಳಿಗಳನ್ನು ಗೊತ್ತುಮಾಡಿ, ಆ ಹುಟ್ಟುವಳಿಯನ್ನು ವಿದ್ವಾಂಸರಿಗೆ ಬಿಟ್ಟುಕೊಡುವುದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋಗಿ ಕಲ್ಲೇಶ್ವರ ಗುಡಿಯ ನಡುಮಂಟಪದ ಮಾಡನ್ನು ಕತ್ತೆತ್ತಿ ನೋಡಿ. ಅಲ್ಲಿ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ಅದು ಒಂಬತ್ತನೆಯ ಶತಮಾನದ ಕೆಲಸ. ಸೋಮಣ್ಣ ದಂಡನಾಯಕ ಬರುವುದಕ್ಕೆ ನಾಲ್ಕು ನೂರು ವರ್ಷ ಮೊದಲೇ ಇಷ್ಟು ನುರಿತ ಶಿಲ್ಪಿಯನ್ನು ಕರೆಸಿ, ತಿಂಗಳುಗಟ್ಟಲೆ ಅನ್ನವಿಟ್ಟು, ಕೆಲಸ ಮಾಡಿಸುವ ಶಕ್ತಿ ಈ ನೆಲಕ್ಕಿತ್ತು. ಊರು ಇತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಚಿಕ್ಕನಾಯಕನಹಳ್ಳಿಯದು ಬೇರೆ ದಾರಿ. ಇಲ್ಲಿ ಮೂಲಪುರುಷನನ್ನು ಹುಡುಕುವವರಿಗೆ ಕಷ್ಟವೇ ಇಲ್ಲ, ಊರಿನ ಹೆಸರಲ್ಲೇ ಅವನಿದ್ದಾನೆ. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯನ್ನು ನೆಲೆ ಮಾಡಿಕೊಂಡು ಆಳಿದ ಪಾಳೆಯಗಾರ ಮನೆತನದ ಚಿಕ್ಕನಾಯಕನಿಂದ ಈ ಹೆಸರು ಬಂತು. ಮಣ್ಣಿನ ಕೋಟೆ, ಅದರೊಳಗೊಂದು ಒಳಕೋಟೆ, ಸುತ್ತ ಪೇಟೆ. 1791ರ ಯುದ್ಧದಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಇದನ್ನು ಸುಲಿಗೆ ಮಾಡಿತು. 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕನನ್ ಬಂದಾಗ ಕೋಟೆಯೊಳಗಿನ ಎಷ್ಟೋ ಜಾಗ ಖಾಲಿಯಾಗಿತ್ತು, ಮನೆಗಳು ಪಾಳುಬಿದ್ದಿದ್ದವು. ಆದರೆ ತೆಂಗಿನ ತೋಟಗಳಿದ್ದವು. ತೆಂಗನ್ನು ಹೇಗೆ ಬೆಳೆಯುತ್ತಾರೆಂದು ಅವನು ವಿವರವಾಗಿ ಬರೆದುಕೊಂಡ. ಇನ್ನೊಂದು ಸಂಗತಿ ಇದೆ. ಈ ಊರಿನ ಜನ ನಡೆದುಕೊಳ್ಳುವ ಆಂಜನೇಯನನ್ನು ಕರೆಯುವುದು ಹಳೆಯೂರು ಆಂಜನೇಯ ಎಂದು. ಕೋಟೆ ಕಟ್ಟಿದ ನಾಯಕನ ಊರಿಗೂ ಹಿಂದಿನ ಇನ್ನೊಂದು ಊರನ್ನು ಜನ ದೇವರ ಹೆಸರಿನಲ್ಲಿ ನೆನಪಿಟ್ಟುಕೊಂಡಿದ್ದಾರೆ.

ಇನ್ನು ತಿಪಟೂರು. ಮೂರರಲ್ಲಿ ಇಂದು ದೊಡ್ಡದು ಇದೇ. ಇದಕ್ಕೆ ಕೋಟೆಯ ಅರಸನ ಕತೆ ಇಲ್ಲ. ತಾಲ್ಲೂಕಿನ ಹಳೆಯ ಕೇಂದ್ರ ಇದ್ದದ್ದು ಹೊನ್ನವಳ್ಳಿಯಲ್ಲಿ. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಳಿ ಬಿತ್ತು. ಹಳಿಯ ಬಳಿ ಮಂಡಿಗಳು ಬಂದವು, ಮಂಡಿಗಳ ಬಳಿ ಗಾಡಿಗಳು ಬಂದವು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಕಾಯಿ ಸುಲಿದು ಚಿಪ್ಪು ಬಿಡಿಸಿಕೊಂಡು, ಉಂಡೆ ಕೊಬ್ಬರಿಯಾಗಿ ಉತ್ತರ ಭಾರತದ ಪೇಟೆಗಳಿಗೆ ಇಲ್ಲಿಂದ ಹೊರಟಿತು. ಇಂದು ದೇಶದ ಉಂಡೆ ಕೊಬ್ಬರಿಯ ಧಾರಣೆಗೆ ತಿಪಟೂರಿನ ಹರಾಜನ್ನು ನೋಡುತ್ತಾರೆ. ಪಟ್ಟವಿಲ್ಲ, ಸಿಂಹಾಸನವಿಲ್ಲ, ಮೂಲಪುರುಷನಿಲ್ಲ. ಆದರೂ ಊರು ಇದೆ. ಅರಸನಿಲ್ಲದೆ ಊರಿಲ್ಲ ಎನ್ನುವ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಾಣುವುದಿಲ್ಲ.

ಮೂಲದ ಕತೆಗಳನ್ನೇ ತೆಗೆದುಕೊಂಡು ನೋಡಿ. ಬೇಟೆನಾಯಿಯನ್ನು ಮೊಲವೇ ಅಟ್ಟಿಸಿಕೊಂಡು ಹೋದ ಜಾಗ ಗಂಡುಮೆಟ್ಟಿನ ನೆಲ ಎಂದು ಅಲ್ಲಿ ರಾಜಧಾನಿ ಕಟ್ಟಿದರು ಎಂಬುದನ್ನು ವಿಜಯನಗರಕ್ಕೂ ಹೇಳುತ್ತಾರೆ, ಇನ್ನೆಷ್ಟೋ ಕೋಟೆಗಳಿಗೂ ಹೇಳುತ್ತಾರೆ. ಹಸು ಹುತ್ತಕ್ಕೆ ಹಾಲು ಕರೆದದ್ದನ್ನು ಕಂಡು ಲಿಂಗ ತೆಗೆದರು ಎಂಬುದು ಕೆಳದಿಯ ಕತೆಯೂ ಹೌದು, ನಮ್ಮ ಹತ್ತಾರು ಹಳ್ಳಿಗಳ ಕತೆಯೂ ಹೌದು. ಮೈಸೂರಿನ ಯದುರಾಯ ದ್ವಾರಕೆಯ ಕಡೆಯಿಂದ ಬಂದ. ಆವತಿಯ ಗೌಡರ ಪೂರ್ವಿಕರು ಮಗಳ ಮಾನ ಉಳಿಸಿಕೊಳ್ಳಲು ಕಂಚಿಯ ಸೀಮೆ ಬಿಟ್ಟು, ಹೊಳೆ ದಾಟಿ ಬಂದರು. ಎಲ್ಲರೂ ಎಲ್ಲಿಂದಲೋ ಬಂದವರೇ. ಇದು ನಮ್ಮೊಬ್ಬರದೇ ಅಲ್ಲ. ನೈಜೀರಿಯಾದ ಎಡೋ ರಾಜ್ಯದ ಉತ್ತರಕ್ಕಿರುವ ಅಫೆಮೈ ಸೀಮೆಯ ಬಹಳಷ್ಟು ಊರುಗಳು ತಮ್ಮ ಮೂಲಪುರುಷ ಬೆನಿನ್ ರಾಜಧಾನಿಯಿಂದ ಹೊರಟು ಬಂದವನೆಂದು ಹೇಳಿಕೊಳ್ಳುತ್ತವೆ. ಅಲ್ಲಿನ ಔಚಿ ಪಟ್ಟಣದ ಅರಸನಿಗೆ ಒಟಾರು ಎಂಬ ಪದವಿ, ಆ ಪೀಠ ಇಂದಿಗೂ ಇದೆ, ಸರ್ಕಾರದ ಮನ್ನಣೆಯೂ ಇದೆ. 1897ರಲ್ಲಿ ಬ್ರಿಟಿಷರು ಬೆನಿನ್ ನಗರವನ್ನು ಸುಟ್ಟರು, ಆದರೆ ಬೆನಿನ್‌ನಿಂದ ಬಂದೆವೆಂಬ ಕತೆಗಳನ್ನು ಅವರಿಂದ ಸುಡಲಾಗಲಿಲ್ಲ.

ಇಷ್ಟು ದೂರದ ಎರಡು ನಾಡುಗಳಲ್ಲಿ ಒಂದೇ ಬಗೆಯ ಕತೆ ಏಕೆ? ಇವು ಹುಟ್ಟಿನ ದಾಖಲೆಗಳಲ್ಲ, ಹಕ್ಕಿನ ಪತ್ರಗಳು. ಮೊದಲು ಬಂದವನು ಯಾರು ಎಂಬುದರ ಮೇಲೆ ಮೊದಲ ವೀಳ್ಯ ಯಾರಿಗೆ, ತೇರಿಗೆ ಮೊದಲು ಕಾಯಿ ಒಡೆಯುವವರು ಯಾರು, ನ್ಯಾಯ ಹೇಳುವಾಗ ಕಟ್ಟೆಯ ಮೇಲೆ ಕೂರುವವರು ಯಾರು ಎಂಬುದೆಲ್ಲ ತೀರ್ಮಾನವಾಗುತ್ತಿತ್ತು. ದೊಡ್ಡ ರಾಜಧಾನಿಯ ನಂಟು ಹೇಳಿಕೊಂಡರೆ ನೆರೆಯ ಊರಿನ ನಾಯಕನಿಗಿಂತ ಒಂದು ತೂಕ ಹೆಚ್ಚು. ಈ ಕತೆಗಳನ್ನು ಸುಳ್ಳೆಂದು ಎಸೆಯುವುದು ದಡ್ಡತನ. ನಿಜವೆಂದು ಕಲ್ಲಿನ ಮೇಲೆ ಕೆತ್ತಿಸುವುದೂ ಅಷ್ಟೇ ದಡ್ಡತನ. ಕತೆ ಯಾವ ಹಕ್ಕನ್ನು ಕಾಯಲು ಹುಟ್ಟಿತು ಎಂದು ಕೇಳಬೇಕು.

ನನ್ನ ಮಾತಿಗೆ ಎದುರಾಗಿ ಬರುವ ಒಂದು ವಾದವನ್ನು ನಾನು ತುಂಬ ಗೌರವಿಸುತ್ತೇನೆ. "ಶಾಲೆಯ ಪುಸ್ತಕದಲ್ಲಿ ನಮ್ಮವರ ಹೆಸರೇ ಇಲ್ಲ. ಶಾಸನ ಬರೆಸಿದವರು ಬೇರೆಯವರು, ಗೆಜೆಟಿಯರ್ ಬರೆದವರು ಬೇರೆಯವರು. ಪಾಳೆಯಗಾರನ ನೆನಪೊಂದೇ ನಮಗೆ ಉಳಿದಿರುವ ಮಾನ. ಅದನ್ನೂ ಕಿತ್ತುಕೊಳ್ಳುತ್ತೀರಾ?" ಎಂದು ನಾಯಕ ಸಮುದಾಯದ ಹುಡುಗನೊಬ್ಬ ಕೇಳಿದರೆ, ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ಬೇಡರು, ಗೊಲ್ಲರು, ಕುರುಬರು ಈ ನೆಲದಲ್ಲಿ ಕಾದಾಡಿದವರು, ಕಾವಲು ಕಾದವರು, ಆಳಿದವರೂ ಹೌದು. ಪಾಳೆಯಗಾರರೆಲ್ಲ ದರೋಡೆಕೋರರು ಎಂಬ ಕಂಪನಿ ಸರ್ಕಾರದ ಕಾಲದ ಮಾತಿಗೆ ಉತ್ತರ ಕೊಡುವ ಅಗತ್ಯವೂ ಇಲ್ಲ.

ಪಾಳೆಯಗಾರನ ಬೆಲೆಯನ್ನು ಅಳೆಯಲು ನಮ್ಮ ಸೀಮೆಯಲ್ಲೇ ಒಂದು ಸಾಧನವಿದೆ, ಅದು ತೆಂಗು. ರಾಗಿ ಬಿತ್ತಿದವನು ಅದೇ ವರ್ಷ ಕೊಯ್ಯುತ್ತಾನೆ. ದಂಡು ಬಂದು ತುಳಿದರೆ ಒಂದು ವರ್ಷದ ನಷ್ಟ. ನಾಟಿ ತಳಿಯ ತೆಂಗಿನ ಸಸಿ ನೆಟ್ಟವನು ಹೊಂಬಾಳೆ ಕಾಣಲು ಆರೇಳು ವರ್ಷ ಕಾಯಬೇಕು, ತುಂಬು ಫಸಲಿಗೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನೀರು ಹೊರಬೇಕು, ದನಕರು ಮೇಯದಂತೆ ಬೇಲಿ ಕಟ್ಟಬೇಕು. ನಾಳೆ ಈ ನೆಲ ತನ್ನದಾಗಿಯೇ ಇರುತ್ತದೆಂಬ ನಂಬಿಕೆಯಿಲ್ಲದವನು ತೆಂಗು ನೆಡುವುದಿಲ್ಲ. ಆ ನಂಬಿಕೆಯನ್ನು ಕೊಟ್ಟವನೇ ಅರಸ. ದಿಲ್ಲಿಯ ಬಾದಶಹನಿಂದಲೋ ಬಿಜಾಪುರದ ಸುಲ್ತಾನನಿಂದಲೋ ಅದು ಸಾಧ್ಯವಿರಲಿಲ್ಲ. ಒಂದು ದಿನದ ಕುದುರೆ ಹಾದಿಯಲ್ಲಿ ಇದ್ದ, ಕೂಗಿದರೆ ಬರುವ ನಾಯಕನೇ ಬೇಕಿತ್ತು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವರ ವೀರಗಲ್ಲುಗಳು, ಅವರ ಮನೆಯವರಿಗೆ ಬಿಟ್ಟ ನೆತ್ತರುಕೊಡಗೆಯ ಹೊಲಗಳು ಈ ಕಾವಲಿನ ಬೆಲೆಯನ್ನು ಹೇಳುತ್ತವೆ.

ಆದರೆ ಇದೇ ತೆಂಗು ಇನ್ನೊಂದನ್ನೂ ಹೇಳುತ್ತದೆ. ವಿಜಯನಗರ ಬಿತ್ತು, ಬಿಜಾಪುರದ ರಣದುಲ್ಲಾಖಾನ ಬಂದ, 1687ರಲ್ಲಿ ಶಿರಾ ಮೊಗಲರ ಸುಬಾ ಆಯಿತು, ಮೈಸೂರಿನವರು ಬಂದರು, ಹೈದರಾಲಿಯ ಕಾಲಕ್ಕೆ ಹಾಗಲವಾಡಿಯ ಆಳ್ವಿಕೆಯೇ ಮುಗಿಯಿತು. ತೋಟಗಳು ಮಾತ್ರ ಮುಗಿಯಲಿಲ್ಲ. ಕಾರಣ, ಕೆರೆ ಮುಗಿಯಲಿಲ್ಲ. ಕೆರೆ ಕಟ್ಟಿಸಿದವನಿಗೆ ಕಟ್ಟುಕೊಡಗೆಯ ಭೂಮಿ ಕೊಟ್ಟ ಅರಸರಿದ್ದರು, ನಿಜ. ಆದರೆ ಮಳೆಗಾಲದ ರಾತ್ರಿ ಏರಿಯ ಮೇಲೆ ನಿಂತು, ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಇಟ್ಟವನು ನೀರುಗಂಟಿ. ಹೂಳು ಎತ್ತಿದವರು ಊರೊಟ್ಟಿನ ಜನ. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಎಂದು ಸಾಗುವ ಆಯಗಾರರ ಏರ್ಪಾಡು ಯಾವ ಅರಸ ಬಂದರೂ ಕದಲಲಿಲ್ಲ. ಅದರಲ್ಲಿ ಕ್ರೌರ್ಯವೂ ಇತ್ತು. ತೋಟಿಯ ದುಡಿಮೆಗೆ ಸಿಕ್ಕಿದ್ದು ಕಣದ ಮೂಲೆಯ ಕಾಳು, ಊರ ಹೊರಗಿನ ಕೇರಿ. ಊರು ಕಟ್ಟಿದವರ ಪಟ್ಟಿಯಲ್ಲಿ ಅವನ ಹೆಸರಿಲ್ಲದೆ ಇರುವುದು ಆ ಕ್ರೌರ್ಯ ಇನ್ನೂ ಮುಂದುವರಿದಿರುವುದರ ಗುರುತು. ಒಬ್ಬ ಅರಸನನ್ನು ಮೂಲಪುರುಷನನ್ನಾಗಿ ನಿಲ್ಲಿಸಿದ ಕೂಡಲೇ ಮರೆಯಾಗುವವರಲ್ಲಿ ಇವನು ಮೊದಲನೆಯವನು. ನಾಯಕ ಸಮುದಾಯದ ಆ ಹುಡುಗನಿಗೆ ನಾನು ಹೇಳುವುದು ಇಷ್ಟೇ: ನಿನ್ನ ನಾಯಕನ ಹೆಸರು ಪುಸ್ತಕಕ್ಕೆ ಬರಲಿ, ಜೊತೆಗೆ ನಿನ್ನ ಮನೆಯ ಪಕ್ಕದಲ್ಲೇ ಹೆಸರಿಲ್ಲದೆ ಉಳಿದವನ ಹೆಸರೂ ಬರಲಿ. ನಿನಗಾದ ಅನ್ಯಾಯವನ್ನು ಇನ್ನೊಬ್ಬನಿಗೆ ದಾಟಿಸಬೇಡ.

ಅರಸುತನ ಇಲ್ಲಿ ರಕ್ತದ ಗುಣವಾಗಿರಲಿಲ್ಲ, ಒಂದು ಹೊಣೆಯಾಗಿತ್ತು. ಪಾಳೆಯಗಾರ ಮೇಲಿನವನಿಗೆ ಕಾಣಿಕೆ ಒಪ್ಪಿಸಬೇಕಿತ್ತು, ಕರೆದಾಗ ಕಾಲಾಳು ಕಳಿಸಬೇಕಿತ್ತು, ಕೆಳಗಿನವರ ಕಾವಲು ಕಾಯಬೇಕಿತ್ತು. ಕಾಯಲಾಗದ ದಿನ ಪಟ್ಟ ಉಳಿಯುತ್ತಿರಲಿಲ್ಲ. ನಮ್ಮ ರಾಜ್ಯ 1961ರ ಕಾಯ್ದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. 1971ರಲ್ಲಿ ದೇಶ ರಾಜಧನವನ್ನು ನಿಲ್ಲಿಸಿತು. ಅವೆರಡೂ ಸರಿಯಾದ ತೀರ್ಮಾನಗಳೇ. ಹೊಣೆ ಹೋದ ಮೇಲೆ ಹಕ್ಕು ಮಾತ್ರ ಉಳಿಯುವುದು ನ್ಯಾಯವಲ್ಲ. ಆದರೆ ಇಂದು ಜಾತ್ರೆಯಲ್ಲಿ ಮೊದಲ ಮಂಗಳಾರತಿಗಾಗಿ ಬಡಿದಾಡಿ ತಹಶೀಲ್ದಾರರ ಮುಂದೆ ನಿಲ್ಲುವವರು ಕೇಳುತ್ತಿರುವುದು ಅದನ್ನೇ. ಅವರು ಬಯಸುವುದು ಅರಸನ ಮರ್ಯಾದೆಯನ್ನು, ಅವನ ಕಾವಲನ್ನಲ್ಲ. ಅವರು ಹೊಡೆದಾಡುವ ಗುಡಿಯ ಹಿಂದೆಯೇ ಕೆರೆ ಇದೆ. ಕೆರೆಯಂಗಳ ಒತ್ತುವರಿಯಾಗಿದೆ, ತೂಬು ಮುಚ್ಚಿದೆ, ಏರಿಯ ಮೇಲೆ ಜಾಲಿ ಬೆಳೆದಿದೆ. ಅದರ ಬಗ್ಗೆ ಮನವಿ ಹಿಡಿದು ಬಂದ ಮೂಲಪುರುಷನ ವಂಶಸ್ಥರು ಎಷ್ಟು ಜನ?

ಮಹಾದ್ವಾರ ಕಟ್ಟಲೇಬೇಕೆಂದಿದ್ದರೆ ಕಟ್ಟೋಣ. ಅದಕ್ಕೂ ಮೊದಲು ಬಿ. ಎಲ್. ರೈಸ್ 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಪ್ರತಿ ಊರಿನ ಪ್ರೌಢಶಾಲೆಯಲ್ಲಿ ಇಡೋಣ, ನಮ್ಮ ಊರಿನ ಶಾಸನಗಳನ್ನು ಹೊಸಗನ್ನಡದಲ್ಲಿ ಬರೆದು ಓದಿಸೋಣ. ಅಲ್ಲಿ ಅರಸರಷ್ಟೇ ಅಲ್ಲ, ದಂಡನಾಯಕರು, ಗೌಡರು, ಸೆಟ್ಟಿಗಳು, ಊರಿಗಾಗಿ ಸತ್ತವರು ಹೆಸರು ಸಮೇತ ಸಿಗುತ್ತಾರೆ. ಶಾಸನಕ್ಕೆ ಸಿಗದವರ ಕತೆಯನ್ನು ಕೇರಿ ಕೇರಿಗೆ ಹೋಗಿ, ಹಟ್ಟಿ ಹಟ್ಟಿಗೆ ಹೋಗಿ ಬರೆದುಕೊಳ್ಳೋಣ. ಒಂದಕ್ಕೊಂದು ಹೊಂದದ ಕತೆಗಳು ಬರುತ್ತವೆ, ಬರಲಿ. ಊರಿಗೆ ಒಂದೇ ಮೂಲವಿರಬೇಕೆಂಬ ನಿಯಮವನ್ನು ಮಾಡಿದವರು ಯಾರು? ಚಿಕ್ಕನಾಯಕನ ವಂಶದವರೆಂದು ಹೇಳಿಕೊಳ್ಳುವ ಹಕ್ಕು ಯಾರಿಗಾದರೂ ಇರಲಿ. ಆದರೆ ಆ ಹೆಸರಿನಲ್ಲಿ ಮೊದಲ ವೀಳ್ಯ ಕೇಳುವವರು ಮೊದಲ ಗುದ್ದಲಿಯನ್ನೂ ಕೈಗೆತ್ತಿಕೊಂಡು ಕೆರೆಗೆ ಇಳಿಯಬೇಕು. ಅರಸುತನಕ್ಕೆ ಈ ಸೀಮೆಯಲ್ಲಿ ಎಂದೂ ಅದೇ ಅರ್ಥವಿತ್ತು.