ದೋಣಿಯ ತಂತಿಗಳಿಗೊಂದು ಕ್ರಮ

ಮಂಜೇಶ್ವರದಿಂದ ಕಾಸರಗೋಡಿನವರೆಗಿನ ತೀರದಲ್ಲಿ ಸಣ್ಣ ಫೈಬರ್ ದೋಣಿಯನ್ನು ಕಡಲಿಗಿಳಿಸುವ ಕುಟುಂಬಗಳಿಗೆ ಎಂಜಿನ್, ಬಲೆಗಳಷ್ಟೇ ಮುಖ್ಯವಾದ ಇನ್ನೊಂದು ವಸ್ತುವಿದೆ: 12 ವೋಲ್ಟಿನ ಬ್ಯಾಟರಿ. ದೀಪ, ಜಿಪಿಎಸ್, ವೈರ್‌ಲೆಸ್, ದೋಣಿಯ ತಳದ ನೀರೆತ್ತುವ ಪಂಪು ಇವೆಲ್ಲಕ್ಕೂ ಅದೇ ಆಧಾರ. ಆದರೆ ಇವು ಒಂದೇ ದಿನ ದೋಣಿಗೆ ಬಂದವುಗಳಲ್ಲ. ಒಂದೊಂದು ಉಪಕರಣ ಬಂದಾಗಲೂ ಒಂದೊಂದು ತಂತಿ ನೇರವಾಗಿ ಬ್ಯಾಟರಿಯ ತುದಿಗೆ ಸುತ್ತಿಕೊಳ್ಳುತ್ತದೆ. ಕೊನೆಗೆ ಯಾವ ತಂತಿ ಯಾವುದರದೆಂದು ಕಟ್ಟಿದವರಿಗೂ ತಿಳಿಯದು.

ನೆಲದ ಮೇಲೆ ಈ ಗೋಜಲು ಕಣ್ಣಿಗೆ ಅಂದಗೇಡು ಮಾತ್ರ. ಕಡಲಿನಲ್ಲಿ ಅದು ಪ್ರಾಣದ ಪ್ರಶ್ನೆ. ಉಪ್ಪುನೀರು ವಿದ್ಯುತ್ತಿನ ವಾಹಕ. ಹೊಸೆದು ಟೇಪು ಸುತ್ತಿದ ಗಂಟಿನೊಳಗೆ ಅದು ನುಸುಳಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ರೋಧ ಹೆಚ್ಚುತ್ತದೆ, ಗಂಟು ಬಿಸಿಯಾಗುತ್ತದೆ. ಎಲ್ಲ ತಂತಿಗಳೂ ಒಂದೇ ಬೋಲ್ಟನ್ನು ನಂಬಿದ್ದರೆ, ಅದು ಸಡಿಲವಾದ ಕ್ಷಣದಲ್ಲಿ ದೀಪ, ದಿಕ್ಕು, ನೆರವಿನ ಕರೆ ಮೂರೂ ಒಟ್ಟಿಗೆ ಇಲ್ಲವಾಗುತ್ತವೆ.

ಕ್ರಮದ ಮೊದಲ ಹೆಜ್ಜೆ ಫ್ಯೂಸ್. ಶಾರ್ಟ್ ಆದಾಗ ಸೀಸ-ಆಮ್ಲದ ಬ್ಯಾಟರಿ ನೂರಾರು ಆಂಪಿಯರ್ ಪ್ರವಾಹವನ್ನು ಹರಿಸಬಲ್ಲುದು. ಇಂಧನವಿರುವ ದೋಣಿಯಲ್ಲಿ ಕೆಂಪಗೆ ಕಾದ ತಂತಿಯೊಂದೇ ಬೆಂಕಿಗೆ ಸಾಕು. ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯ ರಕ್ಷಣೆಗೆ. ಆದುದರಿಂದ ಅದರ ಅಳತೆ ತಂತಿ ತಾಳುವಷ್ಟಕ್ಕೆ ಮೀರಬಾರದು. ಸ್ಥಾನ ಬ್ಯಾಟರಿಯ ಧನ ತುದಿಯಿಂದ ಗೇಣಿಗಿಂತ ದೂರವಿರಬಾರದು. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸಿಕ್ಕಿಸುವುದೆಂದರೆ ಕಾವಲನ್ನೇ ತೆಗೆದುಹಾಕಿದಂತೆ.

ಫ್ಯೂಸಿನ ಬಳಿಕ ಮುಖ್ಯ ಸ್ವಿಚ್ಚು, ಅಲ್ಲಿಂದ ಒಂದು ಫ್ಯೂಸ್ ಪೆಟ್ಟಿಗೆ, ಅದರಿಂದ ಪ್ರತಿ ಉಪಕರಣಕ್ಕೂ ಬೇರೆ ಬೇರೆ ದಾರಿ. ಹಿಂತಿರುಗುವ ಋಣ ತಂತಿಗಳೆಲ್ಲ ಒಂದು ಲೋಹಪಟ್ಟಿಗೆ ಸೇರಿ, ಅಲ್ಲಿಂದ ಒಂದೇ ದಪ್ಪ ತಂತಿಯಾಗಿ ಬ್ಯಾಟರಿಗೆ ಮರಳಬೇಕು. ಹೀಗಿದ್ದರೆ ದೀಪದ ತಂತಿ ಕೆಟ್ಟರೂ ವೈರ್‌ಲೆಸ್ ಉಳಿಯುತ್ತದೆ. ಸ್ವಯಂಚಾಲಿತ ನೀರೆತ್ತುವ ಪಂಪಿಗೆ ಮಾತ್ರ, ಮುಖ್ಯ ಸ್ವಿಚ್ಚು ಆರಿಸಿದಾಗಲೂ ನಡೆಯುವಂತೆ, ತನ್ನದೇ ಫ್ಯೂಸಿನ ನೇರ ಸಂಪರ್ಕ ಬೇಕು.

ತಂತಿಯ ದಪ್ಪವನ್ನು ನಿರ್ಧರಿಸಲು ಪ್ರೌಢಶಾಲೆಯ ಓಮ್ ನಿಯಮ ಸಾಕು. ಪೆಟ್ಟಿಗೆ ಬ್ಯಾಟರಿಯಿಂದ 5 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 10 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ರೋಧ ಸುಮಾರು 0.17 ಓಮ್, 10 ಆಂಪಿಯರ್ ಹರಿದಾಗ 1.7 ವೋಲ್ಟ್ ದಾರಿಯಲ್ಲೇ ನಷ್ಟ. 4 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ 0.43 ವೋಲ್ಟ್ ಮಾತ್ರ. ದೀಪ ಮಂಕಾದಾಗಲೆಲ್ಲ ಬ್ಯಾಟರಿಯನ್ನೇ ದೂರಬೇಕಾಗಿಲ್ಲ.

ತವರ ಲೇಪಿಸಿದ ತಾಮ್ರದ ತಂತಿ ಉಪ್ಪಿಗೆ ಹೆಚ್ಚು ಕಾಲ ತಾಳುತ್ತದೆ. ತುದಿಗಳನ್ನು ಹೊಸೆಯದೆ ಲಗ್ ಒತ್ತಿ ಜೋಡಿಸಬೇಕು. ಜೋಡಣೆಗೆ ಮುನ್ನ ತಂತಿಯನ್ನು ತುಸು ಕೆಳಕ್ಕೆ ಬಾಗಿಸಿದರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಬ್ಯಾಟರಿ ಅಲುಗದಂತೆ ಬಿಗಿದಿರಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡಬೇಕು. ಬಿಚ್ಚುವಾಗ ಮೊದಲು ಋಣ ತುದಿ, ಜೋಡಿಸುವಾಗ ಮೊದಲು ಧನ ತುದಿ.

ವಿದ್ಯುನ್ಮಂಡಲದ ಚಿತ್ರವನ್ನು ಕನ್ನಡದಲ್ಲಿ ಬರೆದು ಅಂಕ ಗಳಿಸುವ ಮಕ್ಕಳು ತಮ್ಮ ಮನೆಯ ದೋಣಿಯದನ್ನೂ ಬರೆಯಬಲ್ಲರು. ಪ್ರತಿ ತಂತಿಗೂ ಹೆಸರಿನ ಚೀಟಿ ಕಟ್ಟಿ, ಆ ನಕ್ಷೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿದರೆ, ನಡುರಾತ್ರಿ ದೀಪ ಆರಿದಾಗ ಟಾರ್ಚಿನ ಬೆಳಕಿನಲ್ಲಿ ಅಪ್ಪನಿಗೆ ಯಾವ ಫ್ಯೂಸ್ ಬದಲಿಸಬೇಕೆಂದು ತಿಳಿಯುತ್ತದೆ.