ಅಂಗಳದ ಮೀಟರ್‌ಗೇಜ್

ಅಪ್ಪ ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಗಿತ್ತು. ಅಮ್ಮ ಹೋದ ಮೇಲೆ ಬೀರೂರಿನ ಮನೇಲಿ ಒಬ್ಬರೇ ಇರೋದು ಬೇಡ ಅಂತ ನಾನೇ ಹಟ ಮಾಡಿ ಕರ್ಕೊಂಡು ಬಂದಿದ್ದೆ. ಬೆಳಗ್ಗೆ ಕಿಟಕಿ ಪಕ್ಕ ಕೂತರೆ ಸಂಜೆವರೆಗೂ ಅಲ್ಲೇ. "ವಾಕ್ ಹೋಗೋಣ್ವಾ ಅಪ್ಪ?" ಅಂದ್ರೆ "ಬೇಡ ಬಿಡು." ಅಷ್ಟೇ ಮಾತು.

ಡಿಸೆಂಬರ್ ಬಂತು. ನ್ಯೂಯಾರ್ಕ್ ಬಟಾನಿಕಲ್ ಗಾರ್ಡನ್‌ನಲ್ಲಿ 1992ರಿಂದ ರಜೆ ಕಾಲಕ್ಕೆ ಪುಟಾಣಿ ರೈಲುಗಳ ಪ್ರದರ್ಶನ ನಡೆಯುತ್ತೆ. ಮರದ ತೊಗಟೆ, ಕಡ್ಡಿ, ಬೀಜಗಳಿಂದ ಕಟ್ಟಿದ ನ್ಯೂಯಾರ್ಕಿನ ಕಟ್ಟಡಗಳ ನಡುವೆ ರೈಲು ಓಡುತ್ತೆ. ನೋಡಿಕೊಂಡು ಬಂದ ಮಗಳಿಗೆ ನಮ್ಮ ಹಿತ್ತಲಲ್ಲೂ ಒಂದು ಬೇಕೇ ಬೇಕು.

ಸೆಕೆಂಡ್‌ಹ್ಯಾಂಡ್ ಎಲ್‌ಜಿಬಿ ಸೆಟ್ ತಂದೆ. ಟ್ರಾನ್ಸ್‌ಫಾರ್ಮರ್ ಗ್ಯಾರೇಜಿನೊಳಗೆ, ಕರೆಂಟ್ ಸೋರಿದರೆ ತಕ್ಷಣ ಟ್ರಿಪ್ ಆಗುವ ಸಾಕೆಟ್‌ಗೆ. ಹೊರಗೆ ಹೋಗೋದು ಕಡಿಮೆ ವೋಲ್ಟ್ ಮಾತ್ರ. ಹುಲ್ಲಿನ ಮೇಲೇ ಹಳಿ ಜೋಡಿಸಿ, ಗಿಡಗಳಿಗೆ ಸೀರಿಯಲ್ ಲೈಟ್ ಸುತ್ತಿ, "ರೆಡಿ" ಅಂದೆ. ಮೊದಲ ತಿರುವಿನಲ್ಲೇ ಎಂಜಿನ್ ಮಗುಚಿಬಿತ್ತು. ಎತ್ತಿಟ್ಟೆ, ಮತ್ತೆ ಬಿತ್ತು. ಮಗಳ ಮುಖ ಸಣ್ಣದಾಯ್ತು.

ಹಿಂದಿನಿಂದ ದನಿ ಬಂತು: "ಪ್ಯಾಕಿಂಗೇ ಇಲ್ವಲ್ಲೋ. ಹುಲ್ಲಿನ ಮೇಲೆ ಯಾರಾದ್ರೂ ಲೈನ್ ಹಾಕ್ತಾರಾ?"

ಅಪ್ಪ ಸ್ವೆಟರ್ ಮೇಲೆ ನನ್ನ ಜಾಕೆಟ್ ಹಾಕ್ಕೊಂಡು ನಿಂತಿದ್ರು. ರೈಲ್ವೇಲಿ ಕೀಮನ್ ಆಗಿದ್ದವರು. ದಿನಾ ಮೈಲಿಗಟ್ಟಲೆ ಹಳಿ ಮೇಲೆ ನಡೆದು, ಸಡಿಲವಾದ ಕೀಲಿ ಬಡಿದು ಕೂರಿಸೋದು ಅವರ ಕೆಲಸ.

ಆಮೇಲೆ ಅವರದೇ ರಾಜ್ಯ. ಹುಲ್ಲು ಕೆತ್ತಿಸಿದ್ರು, ಸಣ್ಣ ಜಲ್ಲಿ ತರಿಸಿದ್ರು, ಸ್ಪಿರಿಟ್ ಲೆವೆಲ್ ಇಟ್ಟು ಹಳಿ ಸಮ ಮಾಡಿದ್ರು. ತಿರುವು ಅಗಲವಾಯ್ತು. ಚಳಿ ಹೆಚ್ಚಿದ ರಾತ್ರಿ ರೈಲು ನಡುದಾರೀಲಿ ನಿಂತಾಗ ನಾನು ಮೋಟಾರ್ ಹೋಯ್ತು ಅಂದ್ಕೊಂಡೆ. ಅಪ್ಪ ನೇರ ಕೀಲುಗಳ ಹತ್ತಿರ ಹೋದ್ರು. ಚಳಿಗೆ ಹಿತ್ತಾಳೆ ಹಳಿ ಕುಗ್ಗಿ ಜಾಯಿಂಟ್ ಬಿಟ್ಕೊಂಡಿತ್ತು, ಕರೆಂಟ್ ದಾಟ್ತಿರಲಿಲ್ಲ. ಸ್ಕ್ರೂ ಇರುವ ಕ್ಲಾಂಪ್ ಹಾಕಿದ ಮೇಲೆ ಸರಿಹೋಯ್ತು.

ಒಂದು ಸಂಜೆ ಅವರಿಗೆ ಲೆಕ್ಕ ತೋರಿಸಿದೆ. ಈ ಹಳಿಯ ಅಗಲ 45 ಮಿ.ಮೀ. ಎಂಜಿನ್ ಅಸಲಿಯ 22.5ರಲ್ಲಿ ಒಂದು ಪಾಲು. ಗುಣಿಸಿದರೆ 1012 ಚಿಲ್ಲರೆ ಮಿ.ಮೀ.

ಅಪ್ಪ ಸುಮ್ಮನೆ ನೋಡಿದ್ರು. "ಅಂದ್ರೆ ನಮ್ಮ ಮೀಟರ್‌ಗೇಜೇ!"

ಬ್ರಾಡ್‌ಗೇಜ್ ಬಂದ ಮೇಲೆ ಕಿತ್ತುಹೋದ ಅವರ ಲೈನು ನಮ್ಮ ಹಿತ್ತಲಲ್ಲಿ ಸಿಕ್ಕಿತ್ತು. ಅವತ್ತು ರಾತ್ರಿ ಊಟದ ಹೊತ್ತಲ್ಲಿ ಅಮ್ಮನ ಮಾತೂ ಬಂತು. ನೈಟ್ ಡ್ಯೂಟಿಗೆ ಅವಳು ಕಟ್ಟಿಕೊಡ್ತಿದ್ದ ರೊಟ್ಟಿ, ಚಟ್ನಿಪುಡಿ. ಅಮ್ಮ ಹೋದ ಮೇಲೆ ಅಪ್ಪ ಅವಳ ಬಗ್ಗೆ ಬಾಯಿಬಿಟ್ಟಿದ್ದು ಅದೇ ಮೊದಲು.

ಫೆಬ್ರವರಿಯಲ್ಲಿ ಅಪ್ಪ ಊರಿಗೆ ವಾಪಸ್ ಹೋದ್ರು. ನಾನು ತಡೆಯಲಿಲ್ಲ. ಎರಡು ತಿಂಗಳು ಹೊತ್ತುಹೊತ್ತಿಗೆ ಊಟ, ಔಷಧಿ ಕೊಟ್ಟಿದ್ದೆ, ಒಂದು ಕೆಲಸ ಹೇಳಿರಲಿಲ್ಲ. ನೋಡ್ಕೊಳ್ಳೋದು ಅಂದ್ರೆ ಕೂರಿಸಿಡೋದು ಅಂದ್ಕೊಂಡಿದ್ದೆ.

ಈಗ ಪ್ರತಿ ಭಾನುವಾರ ವಿಡಿಯೋ ಕಾಲ್. ನಾನು "ಆರೋಗ್ಯ ಹೇಗಿದೆ ಅಪ್ಪ?" ಅನ್ನೋ ಮೊದಲೇ ಅವರ ಪ್ರಶ್ನೆ: "ಮಳೆ ಬಂತಾ? ಜಲ್ಲಿ ಕೂತಿದ್ಯಾ ನೋಡಿದ್ಯಾ?"

ಫೋನ್ ಹಿಡ್ಕೊಂಡು ಹಿತ್ತಲಿಗೆ ಹೋಗ್ತೀನಿ. ಅವರ ಬೀಟ್ ಮುಗಿಯೋವರೆಗೂ ಕಾಲ್ ಕಟ್ ಮಾಡೋ ಹಾಗಿಲ್ಲ.